ಒಳಗಿನ ಬೆಳಕು ಮತ್ತು ಸಂಘದ ನಡೆ

ಒಬ್ಬ ಗೃಹಸ್ಥನು ತನ್ನ ಕೈಯಿಂದ ಯಾರನ್ನೂ ಹೊಡೆದವನಲ್ಲ, ಯಾರ ಸೊತ್ತನ್ನೂ ಅಪಹರಿಸಿದವನಲ್ಲ. ಆದರೆ ಅವನು ಉಡುವ ಬಟ್ಟೆಯೂ ಉಣ್ಣುವ ಸಕ್ಕರೆಯೂ ಎಲ್ಲಿಯೋ ಬೇರೊಬ್ಬನನ್ನು ಹೊಡೆದು ದುಡಿಸಿದುದರ ಫಲವಾಗಿದ್ದರೆ ಅವನು ನಿರ್ದೋಷಿಯೆನಿಸುವನೇ? ಇದು ಮೊದಲನೆಯ ಪ್ರಶ್ನೆ. ಆ ದೋಷವು ಅವನೊಬ್ಬನ ಕಣ್ಣಿಗೆ ಬಿದ್ದು, ಅವನು ಸೇರಿರುವ ಭಕ್ತಸಮುದಾಯಕ್ಕೆ ಕಾಣದೇ ಹೋದರೆ ಅವನು ಏನು ಮಾಡಬೇಕು? ಸಮುದಾಯವನ್ನು ತೊರೆಯಬೇಕೇ, ಸುಮ್ಮನಿರಬೇಕೇ, ಇಲ್ಲವೆ ಬೀದಿಯಲ್ಲಿ ನಿಂತು ಕೂಗಬೇಕೇ? ಇದು ಎರಡನೆಯದು, ಮೊದಲನೆಯದಕ್ಕಿಂತಲೂ ಕಠಿನವಾದುದು. ನಂಬಿಕೆಯನ್ನು ನಡತೆಯಿಂದಲೇ ಅಳೆಯುವ ಯಾವ ಧರ್ಮವೂ ಈ ಎರಡು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾರದು.

ಶರಣರಿಗೆ ಮೊದಲನೆಯ ಪ್ರಶ್ನೆಯು ಹೊಸದಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆಯನ್ನು ಅರಿಯದ ಭಕ್ತರಿಲ್ಲ. ಅಕ್ಕಿ ಕದ್ದುದಲ್ಲ, ಆದರೂ ಅಗತ್ಯವನ್ನು ಮೀರಿದ ಸಂಗ್ರಹದಲ್ಲಿ ಆಸೆಯ ಕಲೆ ಇದೆಯೆಂಬುದನ್ನು ಆ ತಾಯಿ ಕಂಡರು. ಕಾಯಕವು ಶುದ್ಧವಾಗಬೇಕಾದರೆ ಅನ್ನವು ಬಂದ ದಾರಿಯೂ ಶುದ್ಧವಾಗಿರಬೇಕು. ಕಲ್ಯಾಣದ ಆ ಕಾಲದಿಂದ ಐದು ನೂರು ವರ್ಷಗಳು ಕಳೆದ ಮೇಲೆ, ಶರಣರ ಹೆಸರನ್ನೇ ಕೇಳಿರದ ಒಂದು ಪಂಗಡವು ದೂರದ ನಾಡೊಂದರಲ್ಲಿ ಇದೇ ಪ್ರಶ್ನೆಯೊಡನೆ ಹೋರಾಡಿತು. ಅದರ ಚರಿತ್ರೆಯಲ್ಲಿ ಎರಡನೆಯ ಪ್ರಶ್ನೆಗೂ ಒಂದು ಉತ್ತರವಿದೆ; ಆ ಉತ್ತರಕ್ಕೆ ತೆತ್ತ ಬೆಲೆಯೂ ಇದೆ.

ಆ ಪಂಗಡವು ತನ್ನನ್ನು ಮಿತ್ರಸಮಾಜವೆಂದು ಕರೆದುಕೊಂಡಿತು. ಲೋಕವು ಅವರನ್ನು ಕ್ವೇಕರರೆಂದು ಕರೆಯಿತು. ಕ್ವೇಕರ್ ಎಂದರೆ ನಡುಗುವವನು. ಇಂಗ್ಲೆಂಡಿನಲ್ಲಿ 1624ರಲ್ಲಿ ನೇಯ್ಗೆಯವನೊಬ್ಬನ ಮಗನಾಗಿ ಹುಟ್ಟಿದ ಜಾರ್ಜ್ ಫಾಕ್ಸನು ಅದರ ಮೂಲಪುರುಷ. ಪುರೋಹಿತರ ಬಾಗಿಲುಗಳನ್ನು ಬಡಿದು ನೆಮ್ಮದಿ ಕಾಣದೆ ಅಲೆದ ಆ ತರುಣನಿಗೆ ಕಡೆಗೆ ಹೊಳೆದ ಸತ್ಯವು ಸರಳವಾದುದು. ದೇವರ ಬೆಳಕು ಪ್ರತಿಯೊಬ್ಬ ಮಾನವನ ಅಂತರಂಗದಲ್ಲಿಯೂ ಇದೆ. ಅದನ್ನು ಅರಿಯಲು ನಡುವೆ ದಲ್ಲಾಳಿ ಬೇಕಿಲ್ಲ. 1650ರಲ್ಲಿ ಅವನನ್ನು ಡಾರ್ಬಿ ಪಟ್ಟಣದ ಸೆರೆಮನೆಗೆ ತಳ್ಳಿದಾಗ, ದೇವರ ನುಡಿಗೆ ನಡುಗಿರೆಂದು ಅವನು ನ್ಯಾಯಾಧಿಕಾರಿಗೆ ಹೇಳಿದನಂತೆ. ಅಧಿಕಾರಿಯು ಹಾಸ್ಯಕ್ಕಾಗಿ ಇಟ್ಟ ಹೆಸರೇ ಪಂಗಡಕ್ಕೆ ನಿಂತಿತು.

ಈ ಒಂದು ನಂಬಿಕೆಯಿಂದ ಅವರ ಆಚಾರವೆಲ್ಲವೂ ಹರಿದು ಬಂದಿತು. ಅವರ ಆರಾಧನೆಯಲ್ಲಿ ಪುರೋಹಿತನಿಲ್ಲ, ಪೂಜೆಯ ವಿಧಿಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಯಾರಿಗೆ ಒಳಗಿನಿಂದ ಪ್ರೇರಣೆಯಾಗುವುದೋ ಅವರು ಎದ್ದು ನಾಲ್ಕು ಮಾತು ಆಡುತ್ತಾರೆ. ಹಾಗೆ ಆಡುವವರು ಗಂಡಸಾಗಲಿ ಹೆಂಗಸಾಗಲಿ ಭೇದವಿಲ್ಲ. ಮಾರ್ಗರೆಟ್ ಫೆಲ್ ಎಂಬ ಗೃಹಿಣಿಯ ಸ್ವಾರ್ತ್‌ಮೂರ್ ಎಂಬ ಮನೆಯು ಆ ಪಂಗಡಕ್ಕೆ ನೆಲೆಯಾಯಿತು. ಹೆಣ್ಣು ಧರ್ಮೋಪದೇಶ ಮಾಡಬಹುದೆಂದು ಆಕೆ ಗ್ರಂಥವನ್ನೇ ಬರೆದಳು. ಆ ಕಾಲದ ಇಂಗ್ಲಿಷಿನಲ್ಲಿ ದೊಡ್ಡವರಿಗೆ ಬಹುವಚನ, ಸಣ್ಣವರಿಗೆ ಏಕವಚನ ಸಲ್ಲುತ್ತಿತ್ತು. ಕ್ವೇಕರರು ಅರಸನಿಗೂ ಆಳಿಗೂ ಒಂದೇ ಏಕವಚನವನ್ನು ಬಳಸಿದರು. ಅಧಿಕಾರಿಯ ಮುಂದೆ ಟೊಪ್ಪಿಗೆ ತೆಗೆಯಲಿಲ್ಲ. ಸತ್ಯಕ್ಕೆ ಎರಡು ಮಟ್ಟವಿಲ್ಲವೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಲು ಒಪ್ಪಲಿಲ್ಲ. ಅಂಗಡಿಗಳಲ್ಲಿ ಚೌಕಾಸಿಯಿಲ್ಲದ ಒಂದೇ ಬೆಲೆಯನ್ನು ಇಟ್ಟರು. ಮಗುವನ್ನು ಕಳುಹಿಸಿದರೂ ಮೋಸವಾಗದೆಂಬ ಹೆಸರನ್ನು ಗಳಿಸಿದರು. ಎಲ್ಲರ ಒಳಗೂ ಬೆಳಕಿದ್ದ ಮೇಲೆ ಯಾರ ಎದೆಗೆ ಕತ್ತಿಯಿಡುವುದು? ಫಾಕ್ಸನು 1651ರಲ್ಲಿ ಸೇನೆಯ ನಾಯಕಪದವಿ ಒಲಿದು ಬಂದಾಗ ಬೇಡವೆಂದನು. 1661ರಲ್ಲಿ, ಸಾವಿರಾರು ಕ್ವೇಕರರು ಸೆರೆಯಲ್ಲಿದ್ದ ಹೊತ್ತಿನಲ್ಲಿ, ಯಾವ ರಾಜ್ಯಕ್ಕಾಗಿಯೂ ಆಯುಧವನ್ನು ಹಿಡಿಯುವುದಿಲ್ಲವೆಂದು ಎರಡನೆಯ ಚಾರ್ಲ್ಸ್ ದೊರೆಗೆ ಅವರು ಲಿಖಿತವಾಗಿ ತಿಳಿಸಿದರು.

ಇಷ್ಟನ್ನು ನೋಡಿ ಅವರನ್ನೂ ಶರಣರನ್ನೂ ಒಂದೇ ಎಂದು ಹೇಳಿಬಿಡುವುದು ಸರಿಯಲ್ಲ. ಕ್ವೇಕರರು ಕ್ರಿಸ್ತನನ್ನು ನಂಬಿ ಹೊರಟವರು. ಅವರಲ್ಲಿ ಇಷ್ಟಲಿಂಗವಿಲ್ಲ, ಗುರುದೀಕ್ಷೆಯಿಲ್ಲ, ಷಟ್‌ಸ್ಥಲದ ಸಾಧನೆಯಿಲ್ಲ. ಹೋಲಿಕೆಯು ತತ್ತ್ವದ ವಿವರಗಳಲ್ಲಿಲ್ಲ. ನುಡಿದಂತೆ ನಡೆಯಬೇಕೆಂಬ ಹಟದಲ್ಲಿದೆ. ಆ ಹಟವೇ ಅವರನ್ನು ಒಂದು ಘೋರವಾದ ವಿರೋಧಾಭಾಸದ ಮುಂದೆ ತಂದು ನಿಲ್ಲಿಸಿತು.

ಆ ಸಮಾನತೆಯ ಉಪಾಸಕರು ಗುಲಾಮರನ್ನು ಇಟ್ಟುಕೊಂಡಿದ್ದರು. ಅಮೆರಿಕದ ವಸಾಹತುಗಳಲ್ಲಿಯೂ ಬಾರ್ಬಡೋಸಿನಂತಹ ಕಬ್ಬಿನ ದ್ವೀಪಗಳಲ್ಲಿಯೂ ನೆಲೆಸಿದ ಕ್ವೇಕರರು, ಆಫ್ರಿಕದಿಂದ ಹಿಡಿದು ತಂದ ಮನುಷ್ಯರನ್ನು ಇತರರಂತೆಯೇ ಕೊಂಡರು, ಮಾರಿದರು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋದರು. 1671ರಲ್ಲಿ ಬಾರ್ಬಡೋಸಿಗೆ ಹೋದ ಫಾಕ್ಸನೂ ಗುಲಾಮರನ್ನು ದಯೆಯಿಂದ ಕಾಣಿರೆಂದನೇ ಹೊರತು ಆ ಪದ್ಧತಿಯೇ ಪಾಪವೆನ್ನಲಿಲ್ಲ. ಪೆನ್ಸಿಲ್ವೇನಿಯವನ್ನು ಶಾಂತಿಯ ನಾಡಾಗಿ ಕಟ್ಟಹೊರಟ ವಿಲಿಯಂ ಪೆನ್ನನ ಬಳಿಯಲ್ಲಿಯೂ ಗುಲಾಮರಿದ್ದರು. ಅಂತರಂಗದ ಬೆಳಕನ್ನು ಕುರಿತು ಮಾತನಾಡುವುದಕ್ಕೂ ಆ ಬೆಳಕಿನಲ್ಲಿ ತನ್ನ ಮನೆಯನ್ನೇ ನೋಡಿಕೊಳ್ಳುವುದಕ್ಕೂ ಎಷ್ಟು ದೂರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1688ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್‌ಟೌನ್ ಎಂಬ ಹಳ್ಳಿಯ ನಾಲ್ವರು ಒಂದು ಮನವಿಪತ್ರಕ್ಕೆ ಸಹಿ ಹಾಕಿದರು. ತಮಗೆ ಯಾರಾದರೂ ಹೀಗೆ ಮಾಡಿದರೆ ಸಮ್ಮತವೇ ಎಂಬುದೇ ಅವರ ವಾದದ ಸಾರ. ಮಾಸಿಕ ಸಭೆಯು ವಿಷಯವು ಬಹು ಭಾರವಾದುದೆಂದು ತ್ರೈಮಾಸಿಕ ಸಭೆಗೆ ಕಳುಹಿಸಿತು. ಅದು ವಾರ್ಷಿಕ ಸಭೆಗೆ ಕಳುಹಿಸಿತು. ವಾರ್ಷಿಕ ಸಭೆಯು ತೀರ್ಪು ಕೊಡುವುದು ಉಚಿತವಲ್ಲವೆಂದು ಕಾಗದವನ್ನು ಬದಿಗಿಟ್ಟಿತು. ಯಾರೂ ಅದನ್ನು ಸುಳ್ಳೆನ್ನಲಿಲ್ಲ. ಸತ್ಯವನ್ನು ಅಲ್ಲಗಳೆಯದೆ ಮುಂದಕ್ಕೆ ಹಾಕುವ ಈ ಉಪಾಯವು ಎಲ್ಲ ದೇಶಗಳ ಎಲ್ಲ ಸಭೆಗಳಿಗೂ ಚಿರಪರಿಚಿತವಾದುದು. ಆ ಪತ್ರವು ಕಾಗದಗಳ ರಾಶಿಯಲ್ಲಿ ಮರೆಯಾಗಿ 1844ರಲ್ಲಿ ಮತ್ತೆ ಕಣ್ಣಿಗೆ ಬಿದ್ದಿತು.

ಅನಂತರ ಬಂದವನು ಬೆಂಜಮಿನ್ ಲೇ. ಇವನು ಬೆನ್ನು ಗೂನಾದ, ಬಹು ಕುಳ್ಳಾದ ವ್ಯಕ್ತಿ. ಬಾರ್ಬಡೋಸಿನಲ್ಲಿ ಗುಲಾಮರು ಪಡುವ ಯಾತನೆಯನ್ನು ಕಣ್ಣಾರೆ ಕಂಡು ಅವನ ಮನಸ್ಸು ಕುದಿದುಹೋಗಿತ್ತು. ಪೆನ್ಸಿಲ್ವೇನಿಯಕ್ಕೆ ಬಂದು ಗುಹೆಯಂತಹ ಬಿಡಾರದಲ್ಲಿ ವಾಸಿಸುತ್ತ, ತನ್ನ ಬಟ್ಟೆಯನ್ನು ತಾನೇ ನೂತು, ಮಾಂಸವನ್ನು ತೊರೆದು, ಗುಲಾಮರ ದುಡಿಮೆಯಿಂದ ಬಂದ ಯಾವ ಪದಾರ್ಥವನ್ನೂ ಮುಟ್ಟದೆ ಬದುಕಿದನು. 1738ರಲ್ಲಿ ಬರ್ಲಿಂಗ್ಟನ್ನಿನಲ್ಲಿ ವಾರ್ಷಿಕ ಸಭೆ ನಡೆಯುತ್ತಿದ್ದಾಗ ಅವನು ಮೇಲಂಗಿಯನ್ನು ಕಿತ್ತೆಸೆದನು. ಒಳಗೆ ಯೋಧನ ಉಡುಪು, ಕೈಯಲ್ಲಿ ಕತ್ತಿ. ಒಳಗನ್ನು ಟೊಳ್ಳು ಮಾಡಿ ಕೆಂಪು ಹಣ್ಣಿನ ರಸದ ಚೀಲವನ್ನು ಅಡಗಿಸಿದ್ದ ಪುಸ್ತಕವೊಂದಕ್ಕೆ ಆ ಕತ್ತಿಯನ್ನು ಚುಚ್ಚಿದನು. ರಕ್ತದಂತೆ ಚಿಮ್ಮಿದ ರಸವು ಸುತ್ತಲಿದ್ದವರ ಮೈಮೇಲೆ ಬಿದ್ದಿತು. ಮಾನವರನ್ನು ಗುಲಾಮರನ್ನಾಗಿ ಇರಿಸಿಕೊಂಡವರು ಸುರಿಸುವ ರಕ್ತವಿದೆಂಬುದು ಅವನ ಆ ಕೃತ್ಯದ ಅರ್ಥ. ಸಭೆಯವರು ಅವನನ್ನು ಹೊರಗೆ ಹಾಕಿದರು. ಪಂಗಡವು ಅವನನ್ನು ತನ್ನವನಲ್ಲವೆಂದಿತು. ಆದರೂ ಅವನು ಮಿತ್ರರ ಆರಾಧನೆಗೆ ಹೋಗುವುದನ್ನು ಬಿಡಲಿಲ್ಲ.

ಲೇ ಬೆಂಕಿಯಾದರೆ ಜಾನ್ ವುಲ್ಮನ್ ನೀರು. 1720ರಲ್ಲಿ ನ್ಯೂಜರ್ಸಿಯ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವನು ಇಪ್ಪತ್ತರ ಹರೆಯದಲ್ಲಿ ಮೌಂಟ್ ಹಾಲಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದನು. ಒಂದು ದಿನ ಅಂಗಡಿಯ ಯಜಮಾನನು ತನ್ನ ಬಳಿಯಿದ್ದ ಆಫ್ರಿಕ ಮೂಲದ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರವನ್ನು ಬರೆಯಲು ಹೇಳಿದನು. ಕೊಳ್ಳುವವನು ಎದುರಿಗೇ ಕುಳಿತಿದ್ದನು. ಅವನೂ ಮಿತ್ರಸಮಾಜದ ಒಬ್ಬ ವೃದ್ಧ. ಅನ್ನವಿಟ್ಟ ಯಜಮಾನನ ಆಜ್ಞೆ, ಎದುರಿಗೆ ಹಿರಿಯ. ವುಲ್ಮನ್ ಪತ್ರವನ್ನು ಬರೆದುಕೊಟ್ಟನು. ಆದರೆ ಲೇಖನಿಯನ್ನು ಕೆಳಗಿಡುವ ಮೊದಲೇ ಅವನ ಅಂತರಂಗವು ಕಲಕಿಹೋಯಿತು; ಈ ಪದ್ಧತಿಯು ಧರ್ಮಕ್ಕೆ ವಿರುದ್ಧವೆಂದು ಆ ಇಬ್ಬರ ಎದುರಿನಲ್ಲಿಯೇ ಹೇಳಿದನು. ಹೇಳಿದರೂ ಬರೆದ ಪತ್ರವು ಬರೆದಂತೆಯೇ ಉಳಿಯಿತು. ಆ ಒಂದು ಹಾಳೆಯ ನೋವೇ ಅವನ ಮುಂದಿನ ಮೂವತ್ತು ವರ್ಷಗಳ ಬಾಳನ್ನು ನಡೆಸಿತು.

ಅಂದಿನಿಂದ ಅವನು ಅಂಥ ಪತ್ರಗಳನ್ನು ಬರೆಯಲೊಲ್ಲದಾದನು. ಗುಲಾಮರನ್ನು ಮಕ್ಕಳಿಗೆ ಬಿಟ್ಟುಹೋಗುವ ಉಯಿಲುಗಳನ್ನು ಬರೆಯಲು ಕರೆದಾಗ ಕೋಪಿಸಿಕೊಳ್ಳದೆ ತನ್ನ ಕಷ್ಟವನ್ನು ವಿವರಿಸಿದನು. ಕಾಯಿಲೆ ಬಿದ್ದ ನೆರೆಯವನೊಬ್ಬನ ಉಯಿಲನ್ನು ಎಲ್ಲವನ್ನೂ ಬರೆದು, ಗುಲಾಮಳೊಬ್ಬಳ ಮಾತನ್ನು ಮಾತ್ರ ಬಿಟ್ಟನು; ಮಾತುಕತೆಯ ಕೊನೆಗೆ ಆ ನೆರೆಯವನೇ ಅವಳನ್ನು ಬಿಡುಗಡೆ ಮಾಡಲು ಒಪ್ಪಿದನು. 1757ರಲ್ಲಿ ದಕ್ಷಿಣದ ವಸಾಹತುಗಳಲ್ಲಿ ಸಂಚರಿಸಿದಾಗ ಗುಲಾಮರನ್ನುಳ್ಳ ಮಿತ್ರರ ಮನೆಗಳಲ್ಲಿ ಆತಿಥ್ಯ ಪಡೆಯಬೇಕಾಯಿತು. ಪುಕ್ಕಟೆ ಉಂಡರೆ ಕೂಲಿಯಿಲ್ಲದೆ ದುಡಿದವರ ಬೆವರನ್ನು ಉಂಡಂತಾಗುವುದೆಂದು, ಹೊರಡುವಾಗ ಅವರಿಗೆ ಸಲ್ಲಬೇಕೆಂದು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು ಹೋಗುತ್ತಿದ್ದನು. ಮನೆಯ ಯಜಮಾನನಿಗೆ ಅದು ಮುಜುಗರ, ಕೊಡುವವನಿಗೂ ಮುಜುಗರ. ಆದರೆ ಆ ಮುಜುಗರವೇ ಉಪದೇಶವಾಯಿತು. ಹಿಂದೊಮ್ಮೆ ಮೃತನೊಬ್ಬನ ಆಸ್ತಿಯ ನಿರ್ವಾಹಕನಾಗಿ ಬಾಲಕನೊಬ್ಬನನ್ನು ಮೂವತ್ತು ವರ್ಷ ತುಂಬುವವರೆಗೆ ದುಡಿಯುವಂತೆ ಮಾರಲು ತಾನೂ ಸೇರಿದ್ದುದು ಅವನನ್ನು ಕಾಡುತ್ತಲೇ ಇತ್ತು. 1769ರಲ್ಲಿ, ಆ ಅವಧಿಯನ್ನು ಕಡಿಮೆ ಮಾಡಿಸಲು ತನ್ನ ಪಾಲಿನ ಹಣವನ್ನು ತೆರುವುದಾಗಿ ಪತ್ರ ಬರೆದುಕೊಟ್ಟನು. ಪಶ್ಚಾತ್ತಾಪವೆಂಬುದು ಅವನಿಗೆ ಕಣ್ಣೀರಲ್ಲ, ತೀರಿಸಬೇಕಾದ ಲೆಕ್ಕ.

ಅವನು ತೆರೆದಿದ್ದ ಸ್ವಂತ ಅಂಗಡಿಯು ಚೆನ್ನಾಗಿ ನಡೆಯುತ್ತಿತ್ತು. ವ್ಯಾಪಾರ ಬೆಳೆದಂತೆಲ್ಲ ಮನಸ್ಸು ಹೊರಗೆ ಹರಿಯುವುದನ್ನು ಕಂಡು ಅವನು ಗಿರಾಕಿಗಳನ್ನು ಬೇರೆ ಅಂಗಡಿಗಳಿಗೆ ಕಳುಹಿಸಿ, ಹೊಲಿಗೆಯ ಕೆಲಸವನ್ನೂ ಸೇಬಿನ ತೋಟವನ್ನೂ ಮಾತ್ರ ಉಳಿಸಿಕೊಂಡನು. ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಟ್ಟನು. ಬಣ್ಣ ಹಾಕದ ಬಟ್ಟೆಯನ್ನೇ ಉಟ್ಟನು. ಲಕ್ಕಮ್ಮನವರ ಕಥೆಯನ್ನು ಬಲ್ಲವರಿಗೆ ಈ ಸಿಂಪಿಗನ ನಡೆಯು ವಿಚಿತ್ರವೆನಿಸಲಾರದು.

ಶಾಂತಿಯನ್ನು ಕುರಿತ ಅವನ ವಿಚಾರವೂ ಇಲ್ಲಿಂದಲೇ ಹುಟ್ಟಿತು. ಯುದ್ಧವು ರಣರಂಗದಲ್ಲಿ ಹುಟ್ಟುವುದಿಲ್ಲ. ಅಗತ್ಯವನ್ನು ಮೀರಿ ಬೇಕೆನ್ನುವವನಿಗಾಗಿ ಯಾರೋ ಮಿತಿಮೀರಿ ದುಡಿಯಬೇಕು. ಹಾಗೆ ದುಡಿಸಲು ಬಲ ಬೇಕು. ಗಳಿಸಿದುದನ್ನು ಕಾಯಲು ಆಯುಧ ಬೇಕು. ಆದುದರಿಂದ ಮನೆಯ ಪೀಠೋಪಕರಣದಲ್ಲಿಯೂ ಉಡುಪಿನಲ್ಲಿಯೂ ಯುದ್ಧದ ಬೀಜ ಅಡಗಿದೆಯೇ ಎಂದು ಪ್ರತಿಯೊಬ್ಬನೂ ಹುಡುಕಿಕೊಳ್ಳಬೇಕೆಂಬುದು ಬಡವರ ಪರವಾಗಿ ಅವನು ಬರೆದ ಪ್ರಬಂಧದ ತಿರುಳು. ಶಾಂತಿ ಬೇರೆ, ನ್ಯಾಯ ಬೇರೆ ಎಂದು ಅವನು ಭಾವಿಸಲಿಲ್ಲ. 1755ರಲ್ಲಿ ಪೆನ್ಸಿಲ್ವೇನಿಯವು ಯುದ್ಧಕ್ಕಾಗಿ ತೆರಿಗೆ ಹಾಕಿದಾಗ ಅವನೂ ಕೆಲವು ಮಿತ್ರರೂ ಆ ತೆರಿಗೆಯು ತಮ್ಮ ಅಂತಃಸಾಕ್ಷಿಗೆ ಒಪ್ಪದೆಂದರು. 1763ರಲ್ಲಿ ಗಡಿಯಲ್ಲಿ ಮೂಲನಿವಾಸಿಗಳಿಗೂ ಬಿಳಿಯರಿಗೂ ಕಾಳಗ ಹೊತ್ತಿಕೊಂಡಿದ್ದಾಗ, ಆ ಜನರ ಬಾಳನ್ನು ತಿಳಿಯಬೇಕೆಂದು ಕಾಡಿನ ದಾರಿಯಲ್ಲಿ ವಯಲೂಸಿಂಗ್ ಎಂಬ ಅವರ ಊರಿಗೆ ನಿರಾಯುಧನಾಗಿ ಹೋಗಿಬಂದನು.

ಒಬ್ಬನ ಶುದ್ಧಿಯು ಸಂಘದ ಶುದ್ಧಿಯಾದ ಬಗೆಯನ್ನು ಇಲ್ಲಿ ವಿಚಾರಿಸಬೇಕು. ಕ್ವೇಕರರ ವ್ಯವಹಾರ ಸಭೆಗಳಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಮೌನದಿಂದ ಸಭೆ ಆರಂಭವಾಗುತ್ತದೆ, ಒಬ್ಬೊಬ್ಬರಾಗಿ ಮಾತನಾಡುತ್ತಾರೆ, ಸಭೆಯ ಲೇಖಕನು ಕೂಡಿಬಂದ ಅಭಿಪ್ರಾಯವನ್ನು ಅಲ್ಲಿಯೇ ಬರೆದು ಓದುತ್ತಾನೆ, ಎಲ್ಲರೂ ಒಪ್ಪಿದರೆ ಅದು ನಿರ್ಣಯ. ಒಮ್ಮತವಾಗದಿದ್ದರೆ ಮತ್ತೆ ಮೌನ, ಮತ್ತೆ ಕಾಯುವುದು. ಬಹುಸಂಖ್ಯೆಯು ಅಲ್ಪಸಂಖ್ಯೆಯನ್ನು ಗೆಲ್ಲುವುದಲ್ಲ, ಎಲ್ಲರೂ ಸತ್ಯಕ್ಕೆ ಸೋಲುವುದು ಆ ಪದ್ಧತಿಯ ಆದರ್ಶ. 1758ರ ಫಿಲಡೆಲ್ಫಿಯ ವಾರ್ಷಿಕ ಸಭೆಯಲ್ಲಿ ಗುಲಾಮಗಿರಿಯ ವಿಷಯ ಬಂದಾಗ ಇನ್ನಷ್ಟು ಕಾಲ ಕಾಯೋಣವೆಂದವರು ಅನೇಕರು. ಬಹುಹೊತ್ತು ಸುಮ್ಮನಿದ್ದ ವುಲ್ಮನ್ ಕಡೆಗೆ ಎದ್ದನು. ತುಳಿತಕ್ಕೆ ಸಿಕ್ಕವರ ಮೊರೆಯು ದೇವರನ್ನು ಮುಟ್ಟಿರುವಾಗ, ಕೆಲವರ ಸ್ನೇಹಕ್ಕೂ ಲಾಭಕ್ಕೂ ಕಟ್ಟುಬಿದ್ದು ಕರ್ತವ್ಯವನ್ನು ತಡಮಾಡಿದರೆ ದೈವವೇ ಭಯಂಕರ ರೀತಿಯಲ್ಲಿ ಉತ್ತರ ಕೊಟ್ಟೀತೆಂದು ಎಚ್ಚರಿಸಿದನು. ಸಭೆಯ ಮನಸ್ಸು ತಿರುಗಿತು. ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರನ್ನು ವ್ಯವಹಾರ ಸಭೆಗಳಿಂದ ದೂರವಿಡಬೇಕೆಂದೂ, ಗುಲಾಮರಿರುವ ಮನೆಗಳಿಗೆ ಹೋಗಿ ಮಾತನಾಡಬೇಕೆಂದೂ ನಿರ್ಣಯವಾಯಿತು. ಹಾಗೆ ಹೋಗಲು ನೇಮಕವಾದವರಲ್ಲಿ ವುಲ್ಮನ್ ಒಬ್ಬನು. ಆ ಸುದ್ದಿಯು ಮುದಿತನದಲ್ಲಿದ್ದ ಲೇಯ ಕಿವಿಗೂ ಬಿದ್ದಿತು. ಮರುವರ್ಷ ಅವನು ಸಮಾಧಾನದಿಂದ ಕಣ್ಣು ಮುಚ್ಚಿದನು.

ಮುಂದಿನ ಹದಿನೆಂಟು ವರ್ಷಗಳು ಮನೆಮನೆಯ ಬಾಗಿಲಲ್ಲಿ ನಡೆದ ಕೆಲಸ. ಯಾರನ್ನೂ ಸಭೆಯಲ್ಲಿ ಹಳಿಯದೆ, ಅವರವರ ಜಗಲಿಯಲ್ಲಿ ಕುಳಿತು, ಅವರವರ ಒಳಬೆಳಕಿಗೇ ಮೊರೆಯಿಡುವ ಕ್ರಮ. 1776ರಲ್ಲಿ, ಗುಲಾಮರನ್ನು ಬಿಡುಗಡೆ ಮಾಡದವನು ಮಿತ್ರಸಮಾಜದವನಲ್ಲವೆಂದು ಫಿಲಡೆಲ್ಫಿಯ ವಾರ್ಷಿಕ ಸಭೆಯು ಸಾರಿತು. ಬಿಡುಗಡೆಯಾದವರಿಗೆ ಹಿಂದಿನ ದುಡಿಮೆಯ ಕೂಲಿಯನ್ನು ಲೆಕ್ಕ ಹಾಕಿ ಕೊಟ್ಟವರೂ ಉಂಟು. ವುಲ್ಮನ್ ಅದನ್ನು ಕಾಣಲು ಉಳಿದಿರಲಿಲ್ಲ. 1772ರಲ್ಲಿ ಅಲಂಕಾರದ ಕೋಣೆಯನ್ನು ಬೇಡವೆಂದು ನಾವಿಕರ ನಡುವೆ ಹಡಗಿನ ಕೆಳಗಣ ಅಂಕಣದಲ್ಲಿ ಇಂಗ್ಲೆಂಡಿಗೆ ಹೋಗಿ, ಕುದುರೆಗಳನ್ನೂ ಹುಡುಗರನ್ನೂ ಹಿಂಸಿಸಿ ಓಡಿಸುವ ಗಾಡಿಗಳನ್ನು ಹತ್ತದೆ ನಡೆದುಕೊಂಡೇ ಸಂಚರಿಸಿ, ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ಅಕ್ಟೋಬರ್ 7ರಂದು ತೀರಿಕೊಂಡನು. ಹದಿನೈದು ವರ್ಷಗಳ ಅನಂತರ, 1787ರಲ್ಲಿ, ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಲಂಡನ್ನಿನಲ್ಲಿ ಸೇರಿದ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಕ್ವೇಕರರಾಗಿದ್ದರು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು.

ಈ ಚರಿತ್ರೆಯನ್ನು ಬರಿಯ ಹೊಗಳಿಕೆಯಿಂದ ಮುಗಿಸಿದರೆ ಅದರ ಪಾಠವು ಕೈತಪ್ಪುತ್ತದೆ. 1688ರಿಂದ 1776ರವರೆಗೆ ಎಂಬತ್ತೆಂಟು ವರ್ಷಗಳು. ಸಂಘವು ತಾಳ್ಮೆಯಿಂದ ಒಮ್ಮತಕ್ಕೆ ಕಾದಿತೆಂದು ಹೇಳುವುದು ಸುಲಭ. ಆದರೆ ಆ ತಾಳ್ಮೆಗೆ ಬೆಲೆ ತೆತ್ತವರು ಸಭೆಯಲ್ಲಿ ಕುಳಿತವರಲ್ಲ. ಸಭೆಗೆ ಪ್ರವೇಶವಿಲ್ಲದೆ ಹೊಲದಲ್ಲಿ ದುಡಿಯುತ್ತಿದ್ದವರು. ಅಷ್ಟರಲ್ಲಿ ಮೂರು ತಲೆಮಾರುಗಳು ಸಂಕೋಲೆಯಲ್ಲಿ ಹುಟ್ಟಿ ಸಂಕೋಲೆಯಲ್ಲಿ ಸತ್ತವು. ನೊಂದವನಿಲ್ಲದ ಸಭೆಯಲ್ಲಿ ಎಲ್ಲರೂ ಒಪ್ಪಿದರೂ ಅದು ಪೂರ್ಣವಾದ ಒಮ್ಮತವಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಆ ಪಂಗಡವು ಒಂದು ಹನಿ ರಕ್ತವನ್ನು ಚೆಲ್ಲದೆ ತನ್ನಿಂದ ಕಿತ್ತೊಗೆದ ಪಾಪವನ್ನು ಆ ದೇಶವು ಕೀಳಲು 1861ರಿಂದ 1865ರವರೆಗೆ ಅಂತರ್ಯುದ್ಧವನ್ನು ಹೂಡಿ ಆರು ಲಕ್ಷಕ್ಕೂ ಮಿಕ್ಕ ಪ್ರಾಣಗಳನ್ನು ತೆತ್ತಿತು. ಭಯಂಕರವಾದ ಉತ್ತರ ಬಂದೀತೆಂದು 1758ರಲ್ಲಿ ಆ ಸಿಂಪಿಗನು ಹೇಳಿದ ಮಾತು ಹೀಗೆ ನಿಜವಾಯಿತು. ನಿಧಾನವು ದೋಷವೇ; ಆದರೆ ನಿಧಾನವಾಗಿಯಾದರೂ ನಡೆಯದಿರುವುದು ಮಹಾದೋಷ.

ಗುಲಾಮರನ್ನು ಬಿಟ್ಟ ಮೇಲೂ ಕ್ವೇಕರರ ಪರೀಕ್ಷೆ ಮುಗಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಫಿಲಡೆಲ್ಫಿಯದ ಆರಾಧನಾ ಮಂದಿರದಲ್ಲಿ ಆಫ್ರಿಕ ಮೂಲದ ಭಕ್ತರಿಗೆ ಬೇರೆ ಬೆಂಚನ್ನು ಇಟ್ಟಿದ್ದರು. ಸಂಕೋಲೆಯನ್ನು ಮುರಿದ ಕೈಗಳಿಗೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟವಾಯಿತು. ಆದರೂ ಆ ಪಂಗಡದಿಂದ ಸೇವೆಯ ಧಾರೆಯು ಬತ್ತಲಿಲ್ಲ. ಎಲಿಜಬೆತ್ ಫ್ರೈ 1813ರಿಂದ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಹೆಂಗಸರ ನಡುವೆ ಹೋಗಿ ಓದು, ಹೊಲಿಗೆಗಳನ್ನು ತಂದಳು. ಮೊದಲನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಮಿತ್ರರು ನಿನ್ನೆಯ ಶತ್ರುದೇಶವಾದ ಜರ್ಮನಿಯ ಲಕ್ಷಾಂತರ ಮಕ್ಕಳಿಗೆ ಊಟವಿಕ್ಕಿದರು. 1947ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಎರಡು ಕ್ವೇಕರ್ ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿಪಾರಿತೋಷಕವು ಸಂದಿತು. ಲೇಯನ್ನು ಹೊರಗೆ ಹಾಕಿದ ಅಬಿಂಗ್ಟನ್ನಿನ ಮಿತ್ರರ ಸಭೆಯು ಇತ್ತೀಚೆಗೆ, ಎರಡೂವರೆ ಶತಮಾನಗಳಿಗೂ ಮೀರಿದ ಕಾಲದ ಅನಂತರ, ಅವನು ತನ್ನ ಆತ್ಮಕ್ಕೆ ಸೇರಿದವನೇ ಎಂದು ಒಪ್ಪಿಕೊಂಡಿತು. ತಪ್ಪನ್ನು ಇಷ್ಟು ತಡವಾಗಿ ತಿದ್ದಿಕೊಳ್ಳುವುದರಲ್ಲಿಯೂ ಒಂದು ಧರ್ಮವಿದೆ.

ಹಾಗಾದರೆ ಎರಡನೆಯ ಪ್ರಶ್ನೆಗೆ ಉತ್ತರವೇನು? ಲೇಯ ಬೆಂಕಿಯಿಲ್ಲದಿದ್ದರೆ ಸಂಘವು ಎಚ್ಚರಗೊಳ್ಳುತ್ತಿರಲಿಲ್ಲ. ವುಲ್ಮನ್ನನ ತಂಪಿಲ್ಲದಿದ್ದರೆ ಎಚ್ಚರಗೊಂಡ ಸಂಘವು ನಡೆಯುತ್ತಿರಲಿಲ್ಲ. ಇಬ್ಬರಲ್ಲಿಯೂ ಸಮಾನವಾದುದು ಎರಡು. ಇಬ್ಬರೂ ಹೇಳುವ ಮೊದಲು ತಾವು ಬಿಟ್ಟರು. ಇಬ್ಬರೂ ಬಂಧುಗಳನ್ನು ತೊರೆಯಲಿಲ್ಲ. ತನ್ನ ತಟ್ಟೆಯನ್ನು ಮೊದಲು ಶುಚಿ ಮಾಡಿಕೊಂಡವನ ಮಾತಿಗೆ ಕಿವಿಗೊಡದಿರುವುದು ಯಾವ ಸಂಘಕ್ಕೂ ಬಹುಕಾಲ ಸಾಧ್ಯವಿಲ್ಲ. ಸಂಘದ ಕರ್ತವ್ಯವೂ ಇಲ್ಲಿಯೇ ಇದೆ. ತನ್ನನ್ನು ಕಲಕುವವನನ್ನು ಶತ್ರುವೆನ್ನದೆ ಕೇಳುವ ವ್ಯವಧಾನವನ್ನು ಅದು ಉಳಿಸಿಕೊಳ್ಳಬೇಕು; ವಿಷಯವು ಭಾರವಾದುದೆಂದು ಕಾಗದವನ್ನು ಮೇಲಿನ ಸಭೆಗೆ ನೂಕಬಾರದು.

ಅನುಭವ ಮಂಟಪದ ವಾರಸುದಾರರಿಗೆ ಇದು ಪರರ ಕಥೆಯಾಗಿ ಕಾಣಬಾರದು. ಅಲ್ಲಿ ಅಂಬಿಗನೂ ಸಿಂಪಿಗನೂ ಅಕ್ಕಿ ಆಯುವವನೂ ಸಮಸಮವಾಗಿ ಕುಳಿತು ಮಾತನಾಡಿದರು; ಹರಳಯ್ಯ ಮಧುವಯ್ಯರ ಮನೆಗಳ ಸಂಬಂಧಕ್ಕಾಗಿ ಕಲ್ಯಾಣವು ರಕ್ತದ ಬೆಲೆ ತೆತ್ತಿತು. ಎಂಟು ನೂರು ವರ್ಷಗಳ ಹಿಂದೆಯೇ ಕಂಡ ಆ ಬೆಳಕಿನ ಮುಂದೆ, ಇಂದಿನ ಮನೆಗಳಲ್ಲಿ ಹೆಣ್ಣು ಗಂಡು ನೋಡುವಾಗ ಒಳಪಂಗಡವನ್ನು ಕೇಳುವ ನಾಲಗೆಯೂ, ಹೊಲದ ಆಳಿಗೆ ಬೇರೆ ಲೋಟವನ್ನು ಇಡುವ ಕೈಯೂ ಯಾವ ಉತ್ತರ ಕೊಟ್ಟಾವು? ಆ ಲೋಟವು ದೊಡ್ಡ ವಿಷಯವಲ್ಲವೆಂದು ತೋರಬಹುದು. ವುಲ್ಮನ್ನನಿಗೆ ಒಂದು ಹಾಳೆ ಕಾಗದವೂ ದೊಡ್ಡ ವಿಷಯವಾಗಿ ಮೊದಲು ತೋರಲಿಲ್ಲ. ಬರೆದ ಮೇಲೆ ತೋರಿತು. ಕ್ಷಣಕಾಲ ಮೌನದಿಂದ ಇಷ್ಟಲಿಂಗವನ್ನು ಅಂಗೈಯಲ್ಲಿ ನೋಡುವ ಭಕ್ತನು, ಅದೇ ಅಂಗೈ ದಿನವೆಲ್ಲ ಏನನ್ನು ಬರೆಯಿತು, ಏನನ್ನು ಮುಟ್ಟಿತು, ಯಾರನ್ನು ಮುಟ್ಟದೆ ಹಿಂಜರಿಯಿತು ಎಂಬುದನ್ನೂ ನೋಡಿಕೊಂಡರೆ, ಅಂದಿನ ಪೂಜೆಯು ಸಂದಂತಾಗುವುದು.